ಅಪ್‌ಡೇಟ್: ಆಸ್ಪತ್ರೆ ಕಟ್ಟಡಕ್ಕೆ ತ್ರಿಆಯಾಮದ ಮಾದರಿ ಮಾಡಿಸಿದೆವು

ಹೊಸ ಆಸ್ಪತ್ರೆ ಕಟ್ಟಡಕ್ಕೆ ಕಾಗದದ ನಕ್ಷೆಗಳೇ ಸಾಕೇ, ಕಂಪ್ಯೂಟರಿನಲ್ಲಿ ತ್ರಿಆಯಾಮದ ಮಾದರಿಯೂ ಬೇಕೇ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಮಾದರಿ ಮಾಡಿಸಿ ಎಂದು ಒತ್ತಿ ಹೇಳಿದವರಿಗೆಲ್ಲ ಕೃತಜ್ಞತೆಗಳು.

ಅತಿ ಹೆಚ್ಚು ಉಪಯೋಗವಾಗಿದ್ದು ಶಸ್ತ್ರಚಿಕಿತ್ಸಾ ಕೊಠಡಿಯ ಒಳಚಾವಣಿಯ ಮೇಲಿನ ಕಿರಿದಾದ ಜಾಗದಲ್ಲಿ. ಆ ಕೊಠಡಿಯಲ್ಲಿ ಗಂಟೆಗೆ 20 ಬಾರಿ ಗಾಳಿ ಬದಲಾಗಬೇಕೆಂಬುದು ಸಾಮಾನ್ಯ ಮಾನದಂಡ. ಹಾಗಾಗಿ ಗಾಳಿಕೊಳವೆಗಳು ದೊಡ್ಡವು. ಅದೇ ಕಿರಿದಾದ ಜಾಗದಲ್ಲಿ ಆಮ್ಲಜನಕದ ಪೈಪು, ವಿದ್ಯುತ್ ತಂತಿ, ಬೆಂಕಿ ನಂದಿಸುವ ನೀರಿನ ಪೈಪು, ದೀಪದ ಆಧಾರಕಂಬಿ ಎಲ್ಲವೂ ಹೋಗಬೇಕು. ಕಟ್ಟಡ, ಗಾಳಿ, ವಿದ್ಯುತ್ ಹೀಗೆ ಎಲ್ಲ ಕೆಲಸಗಳ ಮಾದರಿಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಮುಖ್ಯ ಗಾಳಿಕೊಳವೆ ನೇರವಾಗಿ ತೊಲೆಯೊಳಗೆ ನುಗ್ಗುತ್ತಿತ್ತು! ಬೇರೆ ಬೇರೆ ಹಾಳೆಗಳಲ್ಲಿ ಎರಡೂ ಸರಿಯಾಗಿಯೇ ಕಾಣುತ್ತಿದ್ದವು. ಕಾಂಕ್ರೀಟ್ ಬೀಳುವ ಮೊದಲೇ ದಾರಿ ಬದಲಿಸಿದೆವು.

ಎಂಆರ್‌ಐ ಕೊಠಡಿಯ ಬಗ್ಗೆಯೂ ಒಂದು ಮಾತು. ಯಂತ್ರದ ಅಯಸ್ಕಾಂತವನ್ನು ತಣ್ಣಗಿಡುವ ದ್ರವ ಹೀಲಿಯಂ ಅನಿಲವಾದರೆ 700 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಅದನ್ನು ಹೊರಗೆ ಬಿಡುವ ಕೊಳವೆಯ ದಾರಿಯನ್ನೂ, ಯಂತ್ರವನ್ನು ಒಳಗೆ ತರುವ ದಾರಿಯನ್ನೂ ಮಾದರಿಯಲ್ಲೇ ಗುರುತಿಸಿಕೊಂಡೆವು.

ನನಗೆ ತುಂಬ ಸಂತೋಷ ತಂದದ್ದು ದಾದಿಯರ ಪಾಲ್ಗೊಳ್ಳುವಿಕೆ. ನಕ್ಷೆ ಓದಲು ಹಿಂಜರಿಯುತ್ತಿದ್ದವರು ಪರದೆಯ ಮೇಲೆ ವಾರ್ಡಿನೊಳಗೆ ಓಡಾಡಿ, ಕೈತೊಳೆಯುವ ತೊಟ್ಟಿ ಬಾಗಿಲ ಮರೆಯಲ್ಲಿದೆ, ದಾದಿಯರ ಮೇಜಿನಿಂದ ಮೂಲೆಯ ಹಾಸಿಗೆ ಕಾಣುವುದಿಲ್ಲ ಎಂದು ಥಟ್ಟನೆ ತೋರಿಸಿದರು. ಎರಡನ್ನೂ ತಿದ್ದಿದ್ದೇವೆ.

ಕಡತ ವಿನಿಮಯಕ್ಕೆ ಐಎಫ್‌ಸಿ (ಬೇರೆ ಬೇರೆ ತಂತ್ರಾಂಶಗಳು ಓದಬಲ್ಲ ಕಟ್ಟಡ ಮಾದರಿಯ ಮುಕ್ತ ಕಡತ) ನಮೂನೆ ಬಳಸಿ ಎಂಬ ಸಲಹೆಯನ್ನೂ ಪಾಲಿಸಿದೆವು. ಈಗ ಅಡಿಪಾಯದ ಕೆಲಸ ನಡೆಯುತ್ತಿದೆ. ಬದಲಾವಣೆಯಾದಂತೆಲ್ಲ ಮಾದರಿಯನ್ನೂ ತಿದ್ದುವ ಹೊಣೆಯನ್ನು ಒಬ್ಬ ಎಂಜಿನಿಯರಿಗೆ ವಹಿಸಿದ್ದೇವೆ.