ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವ ಲೇಸ್ ಟಾಪ್: ಯೋಕ್‌ನಲ್ಲಿ (ಕುತ್ತಿಗೆಯಿಂದ ಕಂಕುಳವರೆಗಿನ ಭಾಗ) ಸ್ಟಿಚ್ ಲೆಕ್ಕ ತಪ್ಪುತ್ತಿದೆ

ಪ್ರಶ್ನೆ:
4 ಪ್ಲೈ ಹತ್ತಿ ನೂಲು, 3.5 ಮಿ.ಮೀ. ಸರ್ಕ್ಯುಲರ್ ಕಡ್ಡಿ, ರಾಗ್ಲಾನ್ ಟಾಪ್ (ಕುತ್ತಿಗೆಯಿಂದ ಕಂಕುಳಿಗೆ ಓರೆ ಗೆರೆ ಬರುವಂಥದ್ದು). ಶುರುವಿಗೆ 92 ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ): ಮುಂಭಾಗ 31, ಬೆನ್ನು 31, ತೋಳಿಗೆ ತಲಾ 11, ನಾಲ್ಕು ರಾಗ್ಲಾನ್ ಗೆರೆಗೆ ತಲಾ 2. ಸುತ್ತು ಬಿಟ್ಟು ಸುತ್ತು 8 ಹೆಚ್ಚಿಸುತ್ತಿದ್ದೇನೆ. ತೋಳು ಪ್ಲೇನ್, ಮುಂದೆ ಹಿಂದೆ ಮಾತ್ರ ಲೇಸ್: 1 ನಿಟ್ (ಸಾದಾ ಹೆಣಿಗೆ), ಯಾರ್ನ್ ಓವರ್ (ಕಡ್ಡಿಗೆ ನೂಲು ಸುತ್ತಿ ತೂತು ಬಿಟ್ಟು ಒಂದು ಹೆಚ್ಚಿಸುವುದು), ಎಡಕ್ಕೆ ವಾಲುವ ಜೋಡಿ ನಿಟ್ (ಎರಡನ್ನು ಸೇರಿಸಿ ಒಂದಾಗಿ ಹೆಣೆಯುವುದು), 1 ನಿಟ್, ಬಲಕ್ಕೆ ವಾಲುವ ಜೋಡಿ ನಿಟ್, ಯಾರ್ನ್ ಓವರ್. 32 ಸುತ್ತಾದಾಗ 220 ಇರಬೇಕಿತ್ತು, 227 ಇದೆ. ಮುಂದೆ 4, ಹಿಂದೆ 3 ಹೆಚ್ಚು.

ಉತ್ತರ 1:
ತೋಳಿನ ಲೆಕ್ಕ ಸರಿಯಿದೆ, ಅಂದರೆ ರಾಗ್ಲಾನ್‌ನಲ್ಲಿ ತಪ್ಪಿಲ್ಲ. ತಪ್ಪು ಲೇಸ್‌ನ ಅಂಚಿನಲ್ಲಿದೆ. ಹೊಸದಾಗಿ ಬಂದ ಸ್ಟಿಚ್‌ಗಳಲ್ಲಿ ಯಾರ್ನ್ ಓವರ್ ಹಾಕಿದ್ದೀರಿ, ಅದರ ಜೋಡಿ ನಿಟ್ ರಾಗ್ಲಾನ್ ಗೆರೆಯ ಮೇಲೆ ಬಿದ್ದಿದ್ದರಿಂದ ಅದನ್ನು ಪ್ಲೇನ್ ಹೆಣೆದಿದ್ದೀರಿ. ಹಾಗೆ ಮಾಡಿದಾಗಲೆಲ್ಲ ಒಂದು ಸ್ಟಿಚ್ ಏರುತ್ತದೆ. ಯಾರ್ನ್ ಓವರ್‌ಗೆ ಜೊತೆ ಸಿಗದಿದ್ದರೆ ಎರಡನ್ನೂ ಬಿಡಿ, ಅಲ್ಲಿ ನಿಟ್ ಸಾಕು.

ಈ ಡಿಸೈನ್ ಎರಡೂ ಬದಿಗೆ ಸಮನಾಗಿ ಕೂರಲು 6ರ ಗುಣಕ ಮತ್ತು 1 ಬೇಕು. 31 ಅಂದರೆ 5 ಡಿಸೈನ್ ಮತ್ತು 1, ಒಳ್ಳೆಯ ಆರಂಭ. 6 ಸಲ ಹೆಚ್ಚಿಸಿದಾಗ 43, 12 ಸಲಕ್ಕೆ 55. ಆಗ ಮಾತ್ರ ಎರಡೂ ಬದಿಗೆ ಒಂದೊಂದು ಡಿಸೈನ್ ಸೇರಿಸಿ. ನೀವೀಗ 16ನೇ ಸಲದಲ್ಲಿದ್ದೀರಿ: 63 ಸ್ಟಿಚ್, ನಡುವೆ 9 ಡಿಸೈನ್, ಎರಡೂ ಅಂಚಿಗೆ 4 ಪ್ಲೇನ್. ಮುಂಭಾಗವನ್ನು ಬೆಳಕಿಗೆ ಹಿಡಿದು ನೋಡಿ. ರಾಗ್ಲಾನ್ ಗೆರೆಗೆ ಅಂಟಿಕೊಂಡು, ಪಕ್ಕದಲ್ಲಿ ವಾಲಿದ ಸ್ಟಿಚ್ ಇಲ್ಲದ ಒಂಟಿ ತೂತು ಕಂಡರೆ ಅದೇ ಕಳ್ಳ.

ಉತ್ತರ 2:
ಬಿಚ್ಚಲು ಮನಸ್ಸಿಲ್ಲದಿದ್ದರೆ ಮುಂಭಾಗದಲ್ಲಿ ಮಾತ್ರ 2 ಸಲ ಹೆಚ್ಚಿಸುವುದನ್ನು ಬಿಟ್ಟರೂ 4 ಸರಿಹೋಗುತ್ತದೆ.

ಉತ್ತರ 1:
ಸಂಖ್ಯೆ ಸರಿಹೋಗುತ್ತದೆ, ಒಂಟಿ ತೂತುಗಳು ಹಾಗೇ ಉಳಿಯುತ್ತವೆ. ಲೇಸ್‌ನಲ್ಲಿ ಅದು ಎದ್ದು ಕಾಣುತ್ತದೆ. ಮೊದಲ ಒಂಟಿ ತೂತಿನ ಸುತ್ತಿನವರೆಗೆ ಬಿಚ್ಚುವುದೇ ಮೇಲು. ಬಿಚ್ಚುವ ಮುಂಚೆ ಅದರ ಕೆಳಗಿನ ಪ್ಲೇನ್ ಸುತ್ತಿನ ಪ್ರತಿ ಸ್ಟಿಚ್‌ಗೂ ಬೇರೆ ಬಣ್ಣದ ಹೊಲಿಗೆ ದಾರ ಪೋಣಿಸಿ, ಬಿಚ್ಚುವುದು ಅಲ್ಲಿಗೇ ನಿಲ್ಲುತ್ತದೆ. ಮಾರ್ಕರ್ (ಕಡ್ಡಿಯ ಮೇಲಿನ ಗುರುತಿನ ಬಳೆ) ಒಳಗೆ ಮಾತ್ರ ದಾರ ಹೋಗಬಾರದು. ಮುಂದೆಯೂ ಪ್ರತಿ 12 ಸುತ್ತಿಗೊಂದು ಹೀಗೆ ಹಾಕಿ.

ಪ್ರಶ್ನೆ ಕೇಳಿದವರು:
ಹೌದು, 27ನೇ ಸುತ್ತಿನಿಂದ ಒಂಟಿ ತೂತುಗಳಿವೆ, 26ಕ್ಕೆ ದಾರ ಪೋಣಿಸಿದೆ. ಇನ್ನೊಂದು: ಲೇಸ್ ಸ್ಯಾಂಪಲ್‌ನಲ್ಲಿ 10 ಸೆಂ.ಮೀ.ಗೆ 22 ಸ್ಟಿಚ್, 30 ಸುತ್ತು ಇತ್ತು. ಒಗೆದು ನೇತುಹಾಕಿದ ಮೇಲೆ 22 ಹಾಗೇ ಇದೆ, ಸುತ್ತು 27ಕ್ಕಿಳಿದಿದೆ. ಯೋಕ್ 64 ಸುತ್ತು, ಕಂಕುಳಲ್ಲಿ 8 ಸ್ಟಿಚ್ ಅಂದುಕೊಂಡಿದ್ದೆ.

ಉತ್ತರ 1:
ಹತ್ತಿಗೆ ಉಣ್ಣೆಯಷ್ಟು ಮರಳಿ ಕುಗ್ಗುವ ಗುಣ ಇಲ್ಲ, ತನ್ನ ಭಾರಕ್ಕೇ ಜಗ್ಗುತ್ತದೆ. 27ನ್ನೇ ನಂಬಿ. 64 ಸುತ್ತು 21.3 ಸೆಂ.ಮೀ. ಅಲ್ಲ, 23.7 ಆಗಿ ಕಂಕುಳು ಜೋತುಬೀಳುತ್ತದೆ. 56 ಸುತ್ತಿಗೆ ನಿಲ್ಲಿಸಿ, 20.7 ಬರುತ್ತದೆ. 4 ಸಲದ ಹೆಚ್ಚಳ ತಪ್ಪಿದ್ದಕ್ಕೆ ಪ್ರತಿ ಕಂಕುಳಲ್ಲಿ 8ರ ಬದಲು 16 ಹಾಕಿ. ರಾಗ್ಲಾನ್ ಗೆರೆಯ ಒಂದೊಂದು ಸ್ಟಿಚ್ ಅಕ್ಕಪಕ್ಕಕ್ಕೆ ಹಂಚಿದರೆ ಮುಂಭಾಗ 89, ಬೆನ್ನು 89, ಕಂಕುಳು 32, ಒಟ್ಟು 210. ಸುಮಾರು 95 ಸೆಂ.ಮೀ. ಸುತ್ತಳತೆ, ಸರಿಯಾಗಿ 35 ಡಿಸೈನ್. ತೋಳು ಮೊದಲಿನ ಲೆಕ್ಕದಂತೆ 85ಕ್ಕೇ ನಿಲ್ಲುತ್ತದೆ.

ತೋಳಿಗೆ ಸ್ಟಿಚ್ ಎತ್ತುವಾಗ ಕಂಕುಳಿನ ಎರಡೂ ತುದಿಯಲ್ಲಿ ಒಂದೊಂದು ಹೆಚ್ಚಿಗೆ ಎತ್ತಿ, ಮುಂದಿನ ಸುತ್ತಲ್ಲಿ ಪಕ್ಕದ್ದರ ಜೊತೆ ಸೇರಿಸಿ ಹೆಣೆಯಿರಿ. ಅಲ್ಲಿ ತೂತು ಬೀಳುವುದಿಲ್ಲ.