156 ಜನರನ್ನು ಕೇಳಿ ಮಂಡ್ಯದ 7 ಸೀಟು ಹಂಚಬಹುದೇ?

ಸಕ್ಕರೆನಾಡು: ಲೆಕ್ಕಕ್ಕೆ ಹೀಗಿಟ್ಕೊಳ್ಳಿ. ವಿಧಾನಸಭೆ ಚುನಾವಣೆಗೆ ರಾಜ್ಯಕ್ಕೆಲ್ಲ 5,000 ಮಂದಿಯನ್ನು ಕೇಳಿದ ಸಮೀಕ್ಷೆ. ಮೊದಲ ಪಕ್ಷಕ್ಕೆ ಶೇ. 40, ಎರಡನೇದಕ್ಕೆ 37, ಮೂರನೇದಕ್ಕೆ 15. ಅದೇ ಪರದೆ ಮೇಲೆ ‘ಮಂಡ್ಯ ಜಿಲ್ಲೆ 4–2–1’ ಅಂತ ಬಣ್ಣದ ನಕ್ಷೆಯನ್ನೂ ಬಿಡ್ತಾರೆ. ಯಾವುದನ್ನು ಎಷ್ಟು ನಂಬೋದು?

ಅಂಕಿಗಣಿ: ನಕ್ಷೆ ಬರೀ ಗಿಣಿಶಾಸ್ತ್ರ. 224 ಕ್ಷೇತ್ರದಲ್ಲಿ ಮಂಡ್ಯದ್ದು 7. ಅದೇ ಪ್ರಮಾಣದಲ್ಲಿ ಹಂಚಿದರೆ ಜಿಲ್ಲೆಗೆ ಸಿಗೋದು ಸುಮಾರು 156 ಜನ, ಒಂದು ಕ್ಷೇತ್ರಕ್ಕೆ 22. ಇಪ್ಪತ್ತೆರಡು ಜನ ಒಂದು ಟೆಂಪೋಗೆ ಸಾಕಾಗ್ತಾರೆ, ಮೇಲುಕೋಟೆ ಫಲಿತಾಂಶ ಹೇಳೋಕೆ ಸಾಕಾಗಲ್ಲ. 156ಕ್ಕೆ ಮಾರ್ಜಿನ್ ಆಫ್ ಎರರ್, ಅಂದ್ರೆ ಸಮೀಕ್ಷೆಯ ಅಂಕಿ ನಿಜದಿಂದ ಅತ್ತಿತ್ತ ಸರಿಯಬಹುದಾದ ಅಂತರ, ±7.8. ಒಂದೇ ಬೂತಿನಲ್ಲಿ ಇಪ್ಪತ್ತು ಜನರನ್ನು ಹಿಡಿಯೋದರಿಂದ, ಒಂದು ಬೀದಿಯವರು ಒಂದೇ ಕಡೆ ವಾಲೋದರಿಂದ, ಸ್ಯಾಂಪಲ್ಲಿನ ಬೆಲೆ ಅರ್ಧಕ್ಕಿಳಿದರೆ, ಅಂದ್ರೆ ಕೇಳಿದ 156 ಜನ 78 ಜನರಷ್ಟೇ ಕೆಲಸ ಮಾಡಿದರೆ, ಅದು ±11 ಆಗುತ್ತೆ.

ಚಾಮುಂಡಿ ತಪ್ಪಲು: ರಾಜ್ಯದ ಲೆಕ್ಕ ಸರಿ ತಾನೆ? 5,000ಕ್ಕೆ ±1.4. ಮೂರು ಅಂಕ ಮುಂದಿದ್ರೆ ಗೆದ್ದ ಹಾಗೇ.

ಅಂಕಿಗಣಿ: ±1.4 ಅನ್ನೋದು ಒಂದೊಂದು ಪಕ್ಷದ ಅಂಕಿಗೆ. ಒಬ್ಬರದು ಕುಗ್ಗಿದಾಗ ಇನ್ನೊಬ್ಬರದು ಹಿಗ್ಗುತ್ತಲ್ಲ, ಹಾಗಾಗಿ ಮುನ್ನಡೆಗೆ ಅದು ±2.4. ಒಂದೇ ಬೂತಿನವರನ್ನು ಗುಂಪಾಗಿ ಹಿಡಿಯೋದನ್ನೂ ಸೇರಿಸಿದರೆ ±3.4. ನಿಮ್ಮ ಮೂರು ಅಂಕ ಅದರೊಳಗೇ ಮುಳುಗಿಹೋಯ್ತು.

ಇನ್ನು ಓಟನ್ನು ಸೀಟು ಮಾಡೋ ಕೆಲಸ. 2018ರಲ್ಲಿ ಕಾಂಗ್ರೆಸ್‌ಗೆ ಶೇ. 38, ಬಿಜೆಪಿಗೆ 36. ಆದರೆ ಸೀಟು ಬಿಜೆಪಿಗೆ 104, ಕಾಂಗ್ರೆಸ್‌ಗೆ 80. 2023ರಲ್ಲೂ ಬಿಜೆಪಿಗೆ ಅದೇ 36, ಸೀಟು ಮಾತ್ರ 66. ಅದರ ಓಟು ಅಲ್ಲಾಡಲೇ ಇಲ್ಲ. ಅಲ್ಲಾಡಿದ್ದು ಜೆಡಿಎಸ್‌ದು, 18ರಿಂದ 13ಕ್ಕೆ.

ಈ ಐದು ಅಂಕವನ್ನು ಕ್ಷೇತ್ರವಾರು ಹೇಗೆ ಕಳೀತೀರಿ ಅನ್ನೋದೇ ಆಟ. ಒಂದು ಕ್ಷೇತ್ರದಲ್ಲಿ ಜೆಡಿಎಸ್ 50, ಎದುರಾಳಿ 38 ಅನ್ನಿ, ಎದುರಾಳಿಗೆ 5 ಏರಿ 43. ಎಲ್ಲೆಡೆ ಸಮಾನವಾಗಿ 5 ಕಳೆದರೆ ಜೆಡಿಎಸ್ 45, ಗೆಲುವು. 18ಕ್ಕೆ 13ರ ಅನುಪಾತದಲ್ಲಿ ಇಳಿಸಿದರೆ 36, ಸೋಲು. ಸಮೀಕ್ಷೆ ಒಂದೇ, ಫಲಿತಾಂಶ ಎರಡು. ಸಮಾನವಾಗಿ ಕಳೆಯೋರು ಕರಾವಳಿಗೆ ಹೋದರೆ ಐದೇ ಇಲ್ಲದ ಕಡೆ ಐದು ಕಳೆದು ಮೈನಸ್‌ಗೆ ಬೀಳ್ತಾರೆ. 2018ರಲ್ಲಿ ಮಂಡ್ಯದ ಏಳಕ್ಕೆ ಏಳೂ ಜೆಡಿಎಸ್. 2023ರಲ್ಲಿ ಉಳಿದಿದ್ದು ಕೆ.ಆರ್. ಪೇಟೆ ಒಂದೇ.

ವಿ.ಸಿ. ನಾಲೆ: ಗಣಿತ ಸರಿ ಸ್ವಾಮಿ, ಉತ್ತರ ಕೊಟ್ಟೋರ್ಯಾರು? ಕ್ರಮ ಹೀಗಿರಬೇಕು: ಬೂತ್ ಪಟ್ಟಿಯಲ್ಲಿ 1,200 ಹೆಸರು, ಬೇಕಾಗಿದ್ದು 20, ಅಂದ್ರೆ ಪ್ರತಿ 60ನೇ ಹೆಸರು. ಮೊದಲನೇದನ್ನು ಚೀಟಿ ಎತ್ತಿ ಆರಿಸಬೇಕು. 17 ಬಂದರೆ 17, 77, 137, ಹೀಗೆ. ಬುಧವಾರ ಹನ್ನೊಂದು ಗಂಟೆಗೆ ಹೋದರೆ 77ನೇಯವನು ಬೆಂಗಳೂರಿನ ಡ್ಯೂಟಿಲಿ, 137ನೇಯವಳು ಕಬ್ಬಿನ ಗದ್ದೇಲಿ. ಸರ್ವೆ ಹುಡುಗ ಅರಳಿಕಟ್ಟೆ ಮೇಲೆ ಕೂತ ಇಬ್ಬರು ಯಜಮಾನರನ್ನು ಕೇಳಿ ಫಾರಂ ತುಂಬಿಸಿಬಿಡ್ತಾನೆ. ಸಂಜೆ ಒಂದ್ಸಲ, ಭಾನುವಾರ ಇನ್ನೊಂದ್ಸಲ ಅದೇ ಮನೆಗೆ ಹೋಗದಿದ್ರೆ ಆ ಪಟ್ಟಿಗೆ ಅರ್ಥವಿಲ್ಲ. ಇನ್ನು ಹೆಂಗಸರನ್ನು ಕೇಳಿದ್ರೆ ಒಳಮನೆಯಿಂದ ಗಂಡ ಉತ್ತರ ಹೇಳ್ತಾನೆ! ಅದಕ್ಕೇ ಡಮ್ಮಿ ಬ್ಯಾಲೆಟ್ ಕೊಟ್ಟು ಡಬ್ಬಕ್ಕೆ ಹಾಕಿಸೋದು.

ಚಾಮುಂಡಿ ತಪ್ಪಲು: ಹೆಂಗಸರು ಕಡಿಮೆ ಬಿದ್ರೆ ತೂಕ ಹಾಕಿ, ಅಂದ್ರೆ ಸಿಕ್ಕವರ ಉತ್ತರವನ್ನು ಹೆಚ್ಚಾಗಿ ಎಣಿಸಿ, ಸರಿಮಾಡ್ತಾರಲ್ಲ?

ವಿ.ಸಿ. ನಾಲೆ: ಮಾಡ್ತಾರೆ. 400ರಲ್ಲಿ 260 ಗಂಡಸರು, 140 ಹೆಂಗಸರು ಸಿಕ್ಕಿದ್ರು ಅನ್ನಿ. ಒಂದು ಪಕ್ಷಕ್ಕೆ ಗಂಡಸರಲ್ಲಿ 36, ಹೆಂಗಸರಲ್ಲಿ 44. ಹಾಗೇ ಕೂಡಿದ್ರೆ 38.8, ಅರ್ಧರ್ಧ ಮಾಡಿದ್ರೆ 40. ಅದಕ್ಕೆ ತೆರೋ ಬೆಲೆ ಏನಂದ್ರೆ, 400ರ ಸ್ಯಾಂಪಲ್ 364ರಷ್ಟೇ ಕೆಲಸ ಮಾಡುತ್ತೆ. ಆದರೆ ಮನೇಲಿ ಸಿಕ್ಕವಳ ಓಟನ್ನು ದೊಡ್ಡದು ಮಾಡಿದ್ರೆ ಕೂಲಿಗೆ ಹೋದವಳ ಓಟು ಗೊತ್ತಾಗಲ್ಲ.

ಅಂಕಿಗಣಿ: ಕಳೆದ ಸಲ ಯಾರಿಗೆ ಹಾಕಿದ್ರಿ ಅಂತ ಕೇಳಿ ಅದಕ್ಕೂ ತೂಕ ಹಾಕಬೇಕು. 2023ರಲ್ಲಿ ಕಾಂಗ್ರೆಸ್‌ಗೆ ಬಂದಿದ್ದು ಶೇ. 43, ಸ್ಯಾಂಪಲ್ಲಿನಲ್ಲಿ ಶೇ. 50 ಮಂದಿ ಅದಕ್ಕೇ ಹಾಕಿದ್ವಿ ಅಂತಾರೆ ಅಂದ್ರೆ ಸ್ಯಾಂಪಲ್ ವಾಲಿದೆ.

ವಿ.ಸಿ. ನಾಲೆ: ಒಪ್ಪಲ್ಲ. ಗೆದ್ದೆತ್ತಿನ ಬಾಲ ಹಿಡಿಯೋರು ಎಲ್ಲಾ ಊರಲ್ಲೂ ಇದ್ದಾರೆ. ಆ ಹೆಚ್ಚುವರಿ ಏಳು ಅಂಥವರೇ ಆಗಿದ್ರೆ, ನೀವು ಸುಮ್ಮಸುಮ್ಮನೆ ಆ ಪಕ್ಷದ ಇವತ್ತಿನ ಓಟು ಕತ್ತರಿಸಿದಂಗೆ.

ಅಂಕಿಗಣಿ: ಹಾಗಾದ್ರೆ ತೂಕ ಹಾಕಿದ್ದು, ಹಾಕದ್ದು ಎರಡೂ ಅಂಕಿ ಪ್ರಕಟಿಸಲಿ.

ಚಾಮುಂಡಿ ತಪ್ಪಲು: ನಾಲ್ಕು ಸಂಸ್ಥೆಗಳ ಸರಾಸರಿ ತೆಗೆದ್ರೆ ಈ ಜಗಳವೇ ಬೇಡ.

ಅಂಕಿಗಣಿ: ಒಂದೊಂದು ಸಮೀಕ್ಷೆಯ ಆಕಸ್ಮಿಕ ಏರುಪೇರು ತಗ್ಗುತ್ತೆ, ಅಷ್ಟೆ. ನಾಲ್ವರೂ ಅರಳಿಕಟ್ಟೆಗೇ ಹೋಗಿದ್ರೆ ಸರಾಸರಿಯೂ ಅರಳಿಕಟ್ಟೆಯದೇ. ಒಂದೇ ಸಂಸ್ಥೆಯ ಹಿಂದಿನ, ಈಗಿನ ಅಂಕಿ ಹೋಲಿಸೋದು ವಾಸಿ. ಅದರಲ್ಲೂ ಸಾವಿರ ಸಾವಿರದ ಎರಡು ಸ್ಯಾಂಪಲ್ಲಾದ್ರೆ 4.4ಕ್ಕಿಂತ ಕಡಿಮೆ ಬದಲಾವಣೆಗೆ ‘ಅಲೆ’ ಅನ್ನಬೇಡಿ.

ಸಕ್ಕರೆನಾಡು: ‘ಇನ್ನೂ ತೀರ್ಮಾನಿಸಿಲ್ಲ’ ಅಂದವರು ಎಲ್ಲಿ ಹೋದ್ರು? ಪರದೆ ಮೇಲೆ ಕಾಣಲ್ಲ.

ಅಂಕಿಗಣಿ: ಸಾಮಾನ್ಯವಾಗಿ ಅವರನ್ನು ಕಿತ್ತುಹಾಕಿ ಉಳಿದವರನ್ನೇ ನೂರಕ್ಕೆ ಹಿಗ್ಗಿಸ್ತಾರೆ. ಅಂಥವರು ಶೇ. 12 ಇದ್ದರೆ ನಿಮ್ಮ 40 ನಿಜವಾಗಿ 35.2, ಆ 37 ಅಂದ್ರೆ 32.6. ಮುನ್ನಡೆ 2.6, ಬಾಯಿ ಬಿಡದೋರು 12.