ರಾಹು ನುಂಗುವ ಕಥೆಗೂ ಪಂಚಾಂಗದ ರಾಹುವಿಗೂ ಏನು ಸಂಬಂಧ?

ಶರಾವತಿ_ತೀರ:
ನಮಸ್ಕಾರ. ಸಮುದ್ರಮಥನದ ಕಥೆಯಲ್ಲಿ ರಾಹು ಒಬ್ಬ ಅಸುರ. ಪಂಚಾಂಗದಲ್ಲಿ ಅದೇ ರಾಹುವಿಗೆ ರಾಶಿ, ಅಂಶ ಕೊಟ್ಟಿರುತ್ತಾರೆ. ಗ್ರಹಣ ನೆರಳಿನಾಟ ಎಂದು ತಿಳಿದಿದ್ದವರು ರಾಹುವನ್ನು ಯಾಕೆ ಉಳಿಸಿಕೊಂಡರು? ಪಂಚಾಂಗ ನೋಡಿ ಗ್ರಹಣ ಯಾವಾಗ ಎಂದು ನಾವೇ ಹೇಳಬಹುದೇ?

ಗೋಳಪಾದ:
ಕಥೆ ಸುಮ್ಮನೆ ಹುಟ್ಟಿದ್ದಲ್ಲ. ಕತ್ತಲು ಸೂರ್ಯ ಚಂದ್ರರನ್ನೇ ಯಾಕೆ ಹಿಡಿಯುತ್ತದೆ? ಅಮೃತ ಕದ್ದವನನ್ನು ತೋರಿಸಿಕೊಟ್ಟವರು ಅವರೇ, ಆ ಹಗೆ. ನುಂಗಿದ್ದು ಮತ್ತೆ ಹೇಗೆ ಹೊರಬರುತ್ತದೆ? ತಲೆಗೆ ಮುಂಡವಿಲ್ಲ. ಅದಕ್ಕೂ ಹಿಂದೆ, ಋಗ್ವೇದದ 5ನೇ ಮಂಡಲದಲ್ಲಿ ಸ್ವರ್ಭಾನು ಎಂಬ ಅಸುರ ಸೂರ್ಯನನ್ನು ಕತ್ತಲಿನಿಂದ ಮುಚ್ಚುತ್ತಾನೆ, ಅತ್ರಿ ಋಷಿ ಹುಡುಕಿ ತರುತ್ತಾನೆ.

ಕಥೆ ಸೋತದ್ದು ಬಿಂಬವನ್ನು ಹತ್ತಿರದಿಂದ ನೋಡಿದಾಗ. ಚಂದ್ರಗ್ರಹಣದ ಸ್ಪರ್ಶ, ಅಂದರೆ ಕತ್ತಲು ಮೊದಲು ತಾಗುವುದು, ಬಿಂಬದ ಪೂರ್ವ ಅಂಚಿನಲ್ಲಿ, ಸೂರ್ಯಗ್ರಹಣದ್ದು ಪಶ್ಚಿಮ ಅಂಚಿನಲ್ಲಿ. ಅರ್ಧ ಮುಚ್ಚಿದ ಚಂದ್ರನ ಕೋಡು (ಬೆಳಗುವ ಭಾಗದ ತುದಿ) ಮೊಂಡು, ಸೂರ್ಯನದ್ದು ಚೂಪು. ಚಂದ್ರನ ಮೇಲೆ ಬೀಳುವ ಭೂಮಿಯ ನೆರಳು ಚಂದ್ರನಿಗಿಂತ ಸುಮಾರು ಎರಡೂವರೆ ಪಟ್ಟು ಅಗಲವಾಗಿರುವುದೇ ಕಾರಣ. ನುಂಗುವವನು ಒಬ್ಬನೇ ಆಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಸ್ಪರ್ಶದ ದಿಕ್ಕಿನ ವಾದವನ್ನು ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಬಿಚ್ಚಿಟ್ಟಿದ್ದಾನೆ. ಅವನಿಗೂ ಮೊದಲು, 499ರಲ್ಲಿ, ಆರ್ಯಭಟ ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಛಾಯೆ ಮುಚ್ಚುತ್ತದೆ ಎಂದು ನೇರವಾಗಿ ಬರೆದ. 628ರಲ್ಲಿ ಬ್ರಹ್ಮಗುಪ್ತ ರಾಹುವನ್ನು ಅಲ್ಲಗಳೆದವರನ್ನು ಟೀಕಿಸಿದರೂ ಲೆಕ್ಕ ಹಾಕಿದ್ದು ನೆರಳಿನದ್ದೇ.

ಹೆಸರು ಉಳಿದದ್ದು ಪಾತಬಿಂದುವಿಗೆ. ಚಂದ್ರನ ಕಕ್ಷೆ ಸೂರ್ಯನ ದಾರಿಗೆ ಸುಮಾರು 5 ಡಿಗ್ರಿ ಓರೆ. ಎರಡೂ ಅಡ್ಡಹಾಯುವ ಒಂದು ಬಿಂದು ರಾಹು, ಎದುರಿನದು ಕೇತು. ಇವು ಹಿಮ್ಮುಖವಾಗಿ ಚಲಿಸಿ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ.

ದೃಗ್ಗಣಿತ:
ಲೆಕ್ಕದ ಭಾಗ ನನ್ನದು. ಅಮಾವಾಸ್ಯೆಯ ದಿನ ರವಿಸ್ಫುಟ, ರಾಹುಸ್ಫುಟ, ಅಂದರೆ ಸೂರ್ಯನೂ ರಾಹುವೂ ಇರುವ ರಾಶಿ, ಡಿಗ್ರಿ ಬರೆದುಕೊಳ್ಳಿ; ಒಂದು ರಾಶಿಗೆ 30 ಡಿಗ್ರಿ. ರಾಹುವಿಗೆ 180 ಕೂಡಿಸಿದರೆ ಕೇತು. ರವಿಗೆ ಎರಡರಲ್ಲಿ ಯಾವುದು ಹತ್ತಿರವೋ ಅದರ ಅಂತರ 15 ಡಿಗ್ರಿಯೊಳಗಿದ್ದರೆ ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಸೂರ್ಯಗ್ರಹಣ ಖಚಿತ, ಸುಮಾರು 18.5 ದಾಟಿದರೆ ಇಲ್ಲ. ಹುಣ್ಣಿಮೆಗೂ ರವಿಯನ್ನೇ ಇಟ್ಟು ನೋಡಿ: 9ರೊಳಗೆ ಚಂದ್ರಗ್ರಹಣ ಖಚಿತ, ಸುಮಾರು 12ರ ಆಚೆ ಛಾಯೆ ತಾಗದು. ನಡುವಿನ ಅಂತರ ಬಂದರೆ ಚಂದ್ರನ ದೂರವನ್ನೂ ನೋಡಬೇಕು.

26 ಡಿಸೆಂಬರ್ 2019 ತೆಗೆದುಕೊಳ್ಳಿ. ರವಿ ಧನುವಿನಲ್ಲಿ ಸುಮಾರು 10, ಕೇತು ಧನುವಿನಲ್ಲೇ ಸುಮಾರು 14. ಅಂತರ 4. ಅಂದು ಮಂಗಳೂರು, ಮಡಿಕೇರಿಯಲ್ಲಿ ಕಂಕಣ ಗ್ರಹಣ, ಬೆಂಗಳೂರಿನಲ್ಲಿ ಪಾರ್ಶ್ವ. ಮುಂದಿನ ಅಮಾವಾಸ್ಯೆಗೆ ರವಿ ಮಕರ 10ಕ್ಕೆ ಬಂದ, ಕೇತು ಧನು 13ರ ಆಸುಪಾಸು. ಅಂತರ 27, ಗ್ರಹಣವಿಲ್ಲ.

ಎಡವುವುದು ಎಲ್ಲಿ ಗೊತ್ತೇ? ರಾಶಿಯ ಹೆಸರಷ್ಟೇ ನೋಡುವುದರಲ್ಲಿ. ಮೇಷ 28, ವೃಷಭ 2 ಬೇರೆ ರಾಶಿಗಳು, ಅಂತರ ಮಾತ್ರ 4. ಒಂದೇ ರಾಶಿಯ 1 ಮತ್ತು 29ರ ನಡುವೆ 28. ರವಿಯನ್ನು ಒಂದು ಪಂಚಾಂಗದಿಂದ, ರಾಹುವನ್ನು ಇನ್ನೊಂದರಿಂದ ತೆಗೆಯಬೇಡಿ, ಅಯನಾಂಶ (ರಾಶಿಚಕ್ರದ ಆರಂಭವನ್ನು ಗೊತ್ತುಮಾಡುವ ತಿದ್ದುಪಡಿ) ಬೇರೆ ಇದ್ದರೆ ಅಂತರ ತಪ್ಪುತ್ತದೆ.

ಮಲೆನಾಡಿಗ:
ಹಾಗಾದರೆ ಪುರಾಣಕಾರರೇ ಪಾತಬಿಂದುವನ್ನು ಕಥೆಯಲ್ಲಿ ಅಡಗಿಸಿಟ್ಟರು ಎನ್ನಬಹುದಲ್ಲವೇ?

ಗೋಳಪಾದ:
ಹಾಗೆ ಹೇಳಲು ಆಧಾರವಿಲ್ಲ. ಕಥೆಯಲ್ಲಿ 5 ಡಿಗ್ರಿಯೂ ಇಲ್ಲ, 18.6 ವರ್ಷವೂ ಇಲ್ಲ. ಅಡಗಿಸಿಟ್ಟಿದ್ದರೆ ವರಾಹಮಿಹಿರ ಅಷ್ಟು ವಾದ ಮಾಡಬೇಕಿರಲಿಲ್ಲ. ಕಥೆ ಕಟ್ಟಿದವರು ಕಣ್ಣಿಗೆ ಕಂಡದ್ದಕ್ಕೆ ಕಾರಣ ಹುಡುಕಿದರು; ಅಳೆದವರು ಬೇರೆ ಕಾರಣ ಕಂಡರು. ಇಬ್ಬರ ಕೆಲಸಕ್ಕೂ ಗೌರವ ಕೊಡೋಣ, ಒಬ್ಬರದ್ದನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವುದು ಬೇಡ.

ಶರಾವತಿ_ತೀರ:
ಧನ್ಯವಾದ. ರಾಹುಕಾಲವೂ ಇದೇ ಬಿಂದುವಿನಿಂದಲೇ?

ದೃಗ್ಗಣಿತ:
ಅಲ್ಲ. ಹಗಲನ್ನು ಎಂಟು ಪಾಲು ಮಾಡಿ ವಾರದ ಪ್ರಕಾರ ಒಂದನ್ನು ಗೊತ್ತುಮಾಡಿದ್ದಾರೆ, ಸೋಮವಾರ ಎರಡನೆಯದು, ಭಾನುವಾರ ಎಂಟನೆಯದು. ಆಕಾಶದ ರಾಹು ಯಾವ ರಾಶಿಯಲ್ಲಿದ್ದರೂ ಅದು ಬದಲಾಗದು.